ಪಟ್ಟಿ ಸಾಲದು, ಒಡನಾಟದ ನಕ್ಷೆ ಬೇಕು

ಸೇವೆಯಲ್ಲಿದ್ದಾಗ ನನಗೆ ಕಡತ ಓದುವುದನ್ನು ಕಲಿಸಿದ ಹಿರಿಯ ಅಧಿಕಾರಿಯೊಬ್ಬರಿಗೆ ಕೆಲವು ವರ್ಷಗಳ ಹಿಂದೆ ರಕ್ತದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮಕ್ಕಳು ದೂರದ ಊರುಗಳಲ್ಲಿದ್ದುದರಿಂದ ಆಸ್ಪತ್ರೆಗೆ ಅವರ ಜೊತೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಒಂದು ದಿನ ವೈದ್ಯೆ ಹೊಸ ಮಾತ್ರೆಯೊಂದನ್ನು ಬರೆದುಕೊಟ್ಟು ಅದರ ಕೆಲಸವನ್ನು ವಿವರಿಸಿದರು: 'ಸರ್, ಈ ಮಾತ್ರೆ ಹಳೆಯ ಔಷಧಗಳ ಹಾಗೆ ವಿಷ ಹಾಕಿ ಕೊಲ್ಲುವುದಲ್ಲ. ಕ್ಯಾನ್ಸರ್ ಕೋಶದೊಳಗೆ ಒಂದು ಪ್ರೊಟೀನು ಇನ್ನೊಂದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಅದು ಕೆಲಸ ಮಾಡದಂತೆ ತಡೆದಿದೆ. ಮಾತ್ರೆ ಆ ಹಿಡಿತವನ್ನು ಬಿಡಿಸುತ್ತದೆ. ಆಮೇಲೆ ಕೋಶ ತಾನಾಗಿಯೇ ಸಾಯುತ್ತದೆ.' ಹೊರಗೆ ಬಂದ ಮೇಲೆ ನಮ್ಮ ಹಿರಿಯರು ಬೆಂಚಿನ ಮೇಲೆ ಕುಳಿತು, ಕಂದಾಯ ಇಲಾಖೆಯಲ್ಲಿ ಆಯುಷ್ಯ ಸವೆಸಿದವರಿಗೆ ಮಾತ್ರ ಹೊಳೆಯಬಹುದಾದ ಪ್ರಶ್ನೆಯೊಂದನ್ನು ಕೇಳಿದರು: 'ಅಲ್ಲಯ್ಯಾ, ಒಳಗೆ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಅಂತ ಇವರಿಗೆ ಹೇಗೆ ಗೊತ್ತು? ಅದಕ್ಕೇನು ಪಹಣಿ ಇದೆಯೇ?'

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಜೀವವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಓದುತ್ತಾ ಹೋದಂತೆ, ಕಳೆದ ಕಾಲು ಶತಮಾನದಲ್ಲಿ ವಿಜ್ಞಾನಿಗಳು ನಿಜವಾಗಿಯೂ ಅಂಥದೊಂದು ಪಹಣಿಯನ್ನು ಬರೆಯುತ್ತಿದ್ದಾರೆ ಎಂಬುದು ತಿಳಿಯಿತು. ಅದನ್ನು ಬರೆಯುವಾಗ ಅವರು ಎದುರಿಸಿದ ತೊಡಕುಗಳು ಸರ್ಕಾರಿ ಸಮೀಕ್ಷೆ, ಗಣತಿಗಳಲ್ಲಿ ನಾನು ಕಂಡ ತೊಡಕುಗಳನ್ನೇ ಹೋಲುತ್ತವೆ ಎಂಬುದು ನನ್ನನ್ನು ಇನ್ನಷ್ಟು ಬೆರಗುಗೊಳಿಸಿತು. ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಅದರ ಬಗ್ಗೆ ಹೆಮ್ಮೆಪಡುವುದರ ಜೊತೆಗೆ ಸ್ವಲ್ಪ ಚಿಂತಿಸಬೇಕಾದ ಅಗತ್ಯವೂ ಇದೆ.

ಮೊದಲು ಸಮಸ್ಯೆಯ ಗಾತ್ರವನ್ನು ನೋಡೋಣ. ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿದಾಗ ನಮ್ಮ ಕೈಗೆ ಸಿಕ್ಕಿದ್ದು ಒಂದು ಪಟ್ಟಿ. ಪ್ರೊಟೀನುಗಳನ್ನು ತಯಾರಿಸಲು ಸೂಚನೆ ನೀಡುವ ವಂಶವಾಹಿಗಳು ನಮ್ಮಲ್ಲಿ ಸುಮಾರು 20 ಸಾವಿರ ಎಂದು ಇಂದು ಲೆಕ್ಕ ಹಾಕಲಾಗಿದೆ. ಆದರೆ ಪ್ರೊಟೀನುಗಳು ಒಂಟಿಯಾಗಿ ಕೆಲಸ ಮಾಡುವುದು ಅಪರೂಪ. ಒಂದು ಇನ್ನೊಂದನ್ನು ಅಂಟಿಕೊಂಡು, ತಡೆದು, ಎಚ್ಚರಿಸಿ, ಹತ್ತಾರು ಸೇರಿ ಯಂತ್ರದಂತೆ ಜೋಡಣೆಗೊಂಡು ಜೀವಕೋಶವನ್ನು ನಡೆಸುತ್ತವೆ. 20 ಸಾವಿರ ಪ್ರೊಟೀನುಗಳಲ್ಲಿ ಯಾವುದಕ್ಕೆ ಯಾವುದರೊಡನೆ ಒಡನಾಟವಿದೆ ಎಂದು ಕೇಳಿದರೆ ಪರಿಶೀಲಿಸಬೇಕಾದ ಜೋಡಿಗಳು ಸುಮಾರು 20 ಕೋಟಿ. ನಮ್ಮ ಹಿರಿಯರ ಮಾತ್ರೆ ಬಿಡಿಸುವ ಹಿಡಿತ ಬಿಸಿಎಲ್‌–2 ಎಂಬ ಪ್ರೊಟೀನಿನದು. ಆ ವಂಶವಾಹಿಯನ್ನು ಗುರುತಿಸಿದ್ದು 1980ರ ದಶಕದ ಮಧ್ಯದಲ್ಲಿ. ಅದು ಕೋಶವನ್ನು ಸಾಯದಂತೆ ಕಾಯುತ್ತದೆ ಎಂದು ಮೆಲ್ಬರ್ನ್‌ನ ವಿಜ್ಞಾನಿಗಳು ತೋರಿಸಿದ್ದು 1988ರಲ್ಲಿ. ವೆನೆಟೊಕ್ಲಾಕ್ಸ್ ಎಂಬ ಆ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2016ರಲ್ಲಿ. ಒಂದು ಹಿಡಿತವನ್ನು ಅರಿತು ಬಿಡಿಸಲು ಮೂರು ದಶಕಗಳು ಬೇಕಾದವು! ಒಂದೊಂದೇ ಜೋಡಿಯನ್ನು ಹೀಗೆ ಹುಡುಕುತ್ತಾ ಹೋದರೆ 20 ಕೋಟಿಯ ಗತಿಯೇನು?

ಅರ್ಥಶಾಸ್ತ್ರ ಓದಿದವರಿಗೆ ಈ ಸಮಸ್ಯೆ ಹೊಸದಲ್ಲ. ಒಂದು ದೇಶದಲ್ಲಿ ಎಷ್ಟು ಉಕ್ಕಿನ ಕಾರ್ಖಾನೆಗಳಿವೆ, ಎಷ್ಟು ಕಲ್ಲಿದ್ದಲ ಗಣಿಗಳಿವೆ ಎಂಬ ಪಟ್ಟಿಯಿಂದ ಅಲ್ಲಿನ ಆರ್ಥಿಕತೆ ಅರ್ಥವಾಗುವುದಿಲ್ಲ. ಉಕ್ಕಿಗೆ ಎಷ್ಟು ಕಲ್ಲಿದ್ದಲು ಬೇಕು, ಕಲ್ಲಿದ್ದಲು ತೆಗೆಯಲು ಎಷ್ಟು ಉಕ್ಕು ಬೇಕು ಎಂಬ ಸಂಬಂಧ ತಿಳಿಯಬೇಕು. ವಾಸಿಲಿ ಲಿಯೊಂಟೀಫ್ ಹೂಡುವಳಿ–ಹುಟ್ಟುವಳಿ ಕೋಷ್ಟಕವನ್ನು ರಚಿಸಿದ್ದು ಇದಕ್ಕಾಗಿಯೇ. 1973ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದದ್ದೂ ಆ ಕಾರಣಕ್ಕೇ. ಜೀವಕೋಶದ ವಿಷಯದಲ್ಲೂ ಹಾಗೆಯೇ. ಕುಡುಗೋಲು ಕಣ ರೋಗದಲ್ಲಿ ಹಿಮೊಗ್ಲೋಬಿನ್ ಇಲ್ಲವೆಂದೇನಲ್ಲ. ಅದರಲ್ಲಿನ ಒಂದೇ ಒಂದು ಅಮೈನೊ ಆಮ್ಲ ಬದಲಾದ ಕಾರಣ ಹಿಮೊಗ್ಲೋಬಿನ್ ಕಣಗಳು ಅಂಟಬಾರದ ಕಡೆ ಒಂದಕ್ಕೊಂದು ಅಂಟಿ ಸರಪಳಿಯಾಗುತ್ತವೆ. ಪಟ್ಟಿಯಲ್ಲಿರುವ ಹೆಸರುಗಳೆಲ್ಲ ಇದ್ದಲ್ಲೇ ಇದ್ದರೂ ಒಡನಾಟ ಕೆಟ್ಟಿದೆ. 2015ರಲ್ಲಿ ನಿಧಿ ಸಾಹ್ನಿ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ದೊಡ್ಡ ಅಧ್ಯಯನವೊಂದರಲ್ಲಿ, ಪರೀಕ್ಷಿಸಿದ ರೋಗಕಾರಕ ವಂಶವಾಹಿ ರೂಪಗಳ ಪೈಕಿ ಮೂರನೇ ಎರಡರಷ್ಟು ಪ್ರೊಟೀನುಗಳ ಒಡನಾಟವನ್ನು ಕೆಡಿಸುವುದು ಕಂಡುಬಂತು. ಅವುಗಳಲ್ಲಿ ಅರ್ಧದಷ್ಟು ಎಲ್ಲ ಸಂಬಂಧಗಳನ್ನೂ ಕಡಿದುಹಾಕುವುದಿಲ್ಲ. ಕೆಲವನ್ನು ಮಾತ್ರ ಕಡಿಯುತ್ತವೆ. ಯಾವ ದಾರ ಹರಿದಿದೆ ಎಂದು ತಿಳಿಯಬೇಕಾದರೆ ದಾರಗಳ ನಕ್ಷೆ ಬೇಕು.

ಈ ನಕ್ಷೆಯನ್ನು ಸಾರಾಸಗಟಾಗಿ ಬರೆಯಲು ಎರಡು ಮುಖ್ಯ ವಿಧಾನಗಳಿವೆ. ಮೊದಲನೆಯದನ್ನು ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್–ಕ್ಯು ಸಾಂಗ್ 1989ರಲ್ಲಿ ಪ್ರಕಟಿಸಿದರು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಕೋಶದಲ್ಲಿ ವಂಶವಾಹಿಯೊಂದನ್ನು ಚಾಲೂ ಮಾಡುವ ಪ್ರೊಟೀನಿಗೆ ಎರಡು ಭಾಗಗಳಿವೆ. ಒಂದು ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಕೆಲಸ ಶುರುಮಾಡಿಸುತ್ತದೆ. ಇವೆರಡನ್ನೂ ಬೇರ್ಪಡಿಸಿದರೆ ಏನೂ ನಡೆಯುವುದಿಲ್ಲ; ಸೆಲ್ಲು ಒಂದು ಕಡೆ, ಬಲ್ಬು ಒಂದು ಕಡೆ ಇಟ್ಟ ಟಾರ್ಚಿನಂತೆ. ಈಗ ಪರೀಕ್ಷಿಸಬೇಕಾದ ಪ್ರೊಟೀನುಗಳಲ್ಲಿ ಒಂದನ್ನು ಮೊದಲ ಭಾಗಕ್ಕೂ ಮತ್ತೊಂದನ್ನು ಎರಡನೆಯದಕ್ಕೂ ಕಟ್ಟಿದರೆ, ಅವೆರಡೂ ಪರಸ್ಪರ ಹಿಡಿದುಕೊಂಡಾಗ ಮಾತ್ರ ಟಾರ್ಚು ಬೆಳಗುತ್ತದೆ, ಅಂದರೆ ಯೀಸ್ಟ್ ಬೆಳೆಯುತ್ತದೆ. ಈ ಉಪಾಯದ ಸೊಬಗು ಏನೆಂದರೆ ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಸಾವಿರಾರು ಜೋಡಿಗಳನ್ನು ಸಾಲಾಗಿ ಇಟ್ಟು, ಎಲ್ಲಿ ಯೀಸ್ಟ್ ಬೆಳೆದಿದೆ ಎಂದು ನೋಡಿದರಾಯಿತು.

ಎರಡನೆಯ ವಿಧಾನ ಬೇರೆ ಬಗೆಯದು. ಒಂದು ಪ್ರೊಟೀನಿಗೆ ಗುರುತಿನ ಬಾಲವೊಂದನ್ನು ಅಂಟಿಸಿ, ಜೀವಕೋಶವನ್ನು ಒಡೆದು, ಆ ಬಾಲವನ್ನು ಹಿಡಿದು ಎಳೆಯುವುದು. ಅದರ ಜೊತೆಗೆ ಅಂಟಿಕೊಂಡು ಬಂದವರು ಯಾರು ಯಾರು ಎಂಬುದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಅವರ ತುಣುಕುಗಳನ್ನು ತೂಗಿ ಹೇಳುತ್ತದೆ. ಮದುವೆ ಮನೆಯಲ್ಲಿ ಮದುಮಗನನ್ನು ಹೊರಗೆ ಕರೆದು, ಅವನ ಹಿಂದೆ ಯಾರೆಲ್ಲ ಬಂದರು ಎಂದು ಬರೆದುಕೊಂಡ ಹಾಗೆ. ಅವರಲ್ಲಿ ನೆಂಟರು ಇರುತ್ತಾರೆ, ಊಟಕ್ಕೆಂದು ಬಂದವರೂ ಇರುತ್ತಾರೆ. ಎಲ್ಲಿ ಹೋದರೂ ಅಂಟಿಕೊಳ್ಳುವ ಸ್ವಭಾವದ ಪ್ರೊಟೀನುಗಳಿವೆ; ಅವನ್ನು ನೆಂಟರೆಂದು ಬರೆದರೆ ಲೆಕ್ಕ ತಪ್ಪುತ್ತದೆ. ಮೊದಲ ವಿಧಾನ ಇಬ್ಬರ ನೇರ ಸಂಬಂಧವನ್ನು ತೋರಿಸಿದರೂ ಅದು ಅವರನ್ನು ತಮ್ಮ ಮನೆಯಲ್ಲಲ್ಲ, ಯೀಸ್ಟಿನ ಮನೆಯಲ್ಲಿ ಭೇಟಿ ಮಾಡಿಸುತ್ತದೆ. ಎರಡನೆಯದು ಗುಂಪನ್ನು ತೋರಿಸುತ್ತದೆ, ಆದರೆ ಗುಂಪಿನೊಳಗೆ ಯಾರು ಯಾರ ಕೈ ಹಿಡಿದಿದ್ದರು ಎಂದು ಹೇಳುವುದಿಲ್ಲ.

2000ದಲ್ಲಿ ಅಮೆರಿಕದ ತಂಡವೊಂದು ಮೊದಲ ವಿಧಾನದಿಂದ ಯೀಸ್ಟಿನ ಸುಮಾರು 6 ಸಾವಿರ ಪ್ರೊಟೀನುಗಳನ್ನು ಜಾಲಾಡಿ 957 ಒಡನಾಟಗಳನ್ನು ಪ್ರಕಟಿಸಿತು. ಮರುವರ್ಷವೇ ಜಪಾನಿನ ತಂಡ ಅದೇ ಯೀಸ್ಟ್, ಅದೇ ಮೂಲ ವಿಧಾನದಿಂದ 4,549 ಒಡನಾಟಗಳನ್ನು ಪ್ರಕಟಿಸಿತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ಆಘಾತ ಕಾದಿತ್ತು: ಎರಡರಲ್ಲೂ ಇದ್ದ ಜೋಡಿಗಳು ತೀರಾ ಕಡಿಮೆ. 2002ರಲ್ಲಿ ಎರಡನೆಯ ವಿಧಾನದ ಎರಡು ಬೃಹತ್ ಸಮೀಕ್ಷೆಗಳು ಹೈಡೆಲ್‌ಬರ್ಗ್ ಮತ್ತು ಟೊರಾಂಟೊಗಳಿಂದ ಹೊರಬಂದವು. ಅದೇ ವರ್ಷ ಎಲ್ಲ ಬಗೆಯ ದತ್ತಾಂಶವನ್ನೂ ಒಟ್ಟಿಗೆ ತುಲನೆ ಮಾಡಿದ ವಿಜ್ಞಾನಿಗಳು, ಯೀಸ್ಟಿನ ಬಗ್ಗೆ ಲಭ್ಯವಿದ್ದ ಸುಮಾರು 80 ಸಾವಿರ ಒಡನಾಟಗಳಲ್ಲಿ ಒಂದಕ್ಕಿಂತ ಹೆಚ್ಚು ವಿಧಾನಗಳ ಬೆಂಬಲ ಇರುವುದು ಕೇವಲ 2,400ಕ್ಕೆ ಎಂದು ವರದಿ ಮಾಡಿದರು. ಸರ್ಕಾರಿ ಸಮೀಕ್ಷೆಯೊಂದರಲ್ಲಿ ಹೀಗಾಗಿದ್ದರೆ ವಿಧಾನಮಂಡಲದಲ್ಲಿ ಗದ್ದಲವೇ ಏಳುತ್ತಿತ್ತು. ಸಮೀಕ್ಷೆ ಬೋಗಸ್ ಎಂಬ ತೀರ್ಪು ಒಂದು ಕಡೆ. ನಮ್ಮ ಅಂಕಿ ಅಂಶವೇ ಸರಿ ಎಂಬ ಹಠ ಇನ್ನೊಂದು ಕಡೆ.

ಇಲ್ಲಿ ನನ್ನ ಕಿರಿಯ ದಿನಗಳ ಅನುಭವವೊಂದನ್ನು ಹೇಳಬೇಕು. ಸೇವೆಗೆ ಸೇರಿದ ಹೊಸದರಲ್ಲಿ ಜನನ–ಮರಣಗಳ ಲೆಕ್ಕದ ಕೆಲಸ ಸ್ವಲ್ಪ ಕಾಲ ನನ್ನ ಪಾಲಿಗಿತ್ತು. ದೇಶದ ಜನನ, ಮರಣ ಪ್ರಮಾಣವನ್ನು ಅಳೆಯುವ ಮಾದರಿ ನೋಂದಣಿ ವ್ಯವಸ್ಥೆಯಲ್ಲಿ ಒಂದು ಜಾಣ ಏರ್ಪಾಡಿದೆ. ಆಯ್ದ ಹಳ್ಳಿಯಲ್ಲಿ ಸ್ಥಳೀಯ ಗಣತಿದಾರ, ಹೆಚ್ಚಾಗಿ ಶಾಲಾ ಮೇಷ್ಟ್ರು, ವರ್ಷವಿಡೀ ಹುಟ್ಟು–ಸಾವುಗಳನ್ನು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕ ಬಂದು, ಮೇಷ್ಟ್ರ ಪಟ್ಟಿಯನ್ನು ನೋಡದೆ, ಮನೆಮನೆಗೂ ಹೋಗಿ ಬೇರೆಯೇ ಪಟ್ಟಿ ಮಾಡುತ್ತಾರೆ. ಆಮೇಲೆ ಎರಡನ್ನೂ ತಾಳೆ ನೋಡಿ, ಹೊಂದದ ಪ್ರತಿ ಹೆಸರಿಗೂ ಮತ್ತೆ ಆ ಮನೆಯ ಬಾಗಿಲಿಗೆ ಹೋಗಬೇಕು. ನಾನು ಮೊದಲ ಸಲ ಎರಡು ಪಟ್ಟಿಗಳ ವ್ಯತ್ಯಾಸವನ್ನು ಕಂಡು, ಇದರಲ್ಲಿ ಒಬ್ಬರು ಸುಳ್ಳು ಬರೆದಿದ್ದಾರೆ ಎಂದು ಗದರಿದ್ದೆ. ಪಕ್ಕದಲ್ಲಿದ್ದ ಅನುಭವಿ ಸಿಬ್ಬಂದಿಯೊಬ್ಬರು ಮೆಲ್ಲಗೆ ಹೇಳಿದರು: 'ಸಾರ್, ಎರಡೂ ಒಂದೇ ಆಗಿದ್ದರೆ ನಾವು ಹೆದರಬೇಕು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿದ್ದಾರೆ ಅಂತ ಅರ್ಥ.'

ಆ ಮಾತಿನ ಹಿಂದೆ ಗಟ್ಟಿಯಾದ ಗಣಿತವಿದೆ. ಮೇಷ್ಟ್ರು 30 ಜನನಗಳನ್ನು, ಮೇಲ್ವಿಚಾರಕರು 24ನ್ನು ಬರೆದಿದ್ದಾರೆ, ಎರಡರಲ್ಲೂ ಇರುವವು 20 ಎಂದುಕೊಳ್ಳಿ. ಮೇಲ್ವಿಚಾರಕರು ಕಂಡ 24ರಲ್ಲಿ 20, ಅಂದರೆ ಆರರಲ್ಲಿ ಐದು ಭಾಗ, ಮೇಷ್ಟ್ರಿಗೂ ಕಂಡಿದೆ. ಹಾಗಾದರೆ ಮೇಷ್ಟ್ರ 30 ಎಂಬುದು ಊರಿನ ಒಟ್ಟು ಜನನಗಳ ಆರರಲ್ಲಿ ಐದು ಭಾಗ, ಒಟ್ಟು 36. ಇಬ್ಬರೂ ಸೇರಿ ಕಂಡದ್ದು 34. ಇಬ್ಬರ ಕಣ್ಣಿಗೂ ಬೀಳದ ಇಬ್ಬರು ಮಕ್ಕಳು ಆ ಊರಿನಲ್ಲಿದ್ದಾರೆ ಎಂದು, ಅವರನ್ನು ನೋಡದೆಯೇ ಹೇಳಬಹುದು. 1949ರಲ್ಲಿ ನಮ್ಮವರೇ ಆದ ಚಂದ್ರಶೇಖರ್ ಮತ್ತು ಅಮೆರಿಕದ ಡೆಮಿಂಗ್ ಕೂಡಿ ಪ್ರಕಟಿಸಿದ ವಿಧಾನವಿದು. ಅದಕ್ಕೂ ಮೊದಲು ಮಹಾಲನೊಬಿಸ್ ಬಂಗಾಳದ ಸೆಣಬು ಬೆಳೆಯ ಸಮೀಕ್ಷೆಯಲ್ಲಿ ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ತಂಡಗಳನ್ನು ಕಳುಹಿಸಿ, ಅವುಗಳ ವ್ಯತ್ಯಾಸದಿಂದಲೇ ಸಮೀಕ್ಷೆಯ ದೋಷವನ್ನು ಅಳೆಯುವ ಪದ್ಧತಿ ತಂದಿದ್ದರು. ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಅದನ್ನೇ ಅಳತೆಗೋಲಾಗಿ ಬಳಸುವ ಈ ಬುದ್ಧಿವಂತಿಕೆಗೆ ಭಾರತದಲ್ಲಿ ದೀರ್ಘ ಪರಂಪರೆಯಿದೆ.

ಪ್ರೊಟೀನ್ ನಕ್ಷೆಗಾರರೂ ಕೊನೆಗೆ ಹಿಡಿದದ್ದು ಇದೇ ದಾರಿಯನ್ನು. ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಕರೆಯುವ ಬದಲು, ಎರಡು ನಕ್ಷೆಗಳು ಹೊಂದದಿರಲು ಎರಡು ಪ್ರತ್ಯೇಕ ಕಾರಣಗಳಿರಬಹುದು ಎಂಬುದನ್ನು ಅವರು ಬಿಡಿಸಿ ನೋಡಿದರು. ಇಲ್ಲದ್ದನ್ನು ಬರೆದಿರಬಹುದು ಅಥವಾ ಇರುವುದನ್ನು ಬಿಟ್ಟಿರಬಹುದು. ಯಾವುದು ಎಷ್ಟು ಎಂದು ತಿಳಿಯಲು, ಒಡನಾಟ ಖಚಿತವಾಗಿ ಗೊತ್ತಿರುವ ಜೋಡಿಗಳ ಒಂದು ಪಟ್ಟಿ ಮತ್ತು ಸುಮ್ಮನೆ ಚೀಟಿ ಎತ್ತಿ ಆರಿಸಿದ ಜೋಡಿಗಳ ಇನ್ನೊಂದು ಪಟ್ಟಿಯನ್ನು ಸಿದ್ಧಪಡಿಸಿ, ಪ್ರತಿ ವಿಧಾನವನ್ನೂ ಅವುಗಳ ಮೇಲೆ ಪರೀಕ್ಷೆಗೆ ಒಡ್ಡಿದರು. 2009ರಲ್ಲಿ ಬಂದ ಫಲಿತಾಂಶ ವಿನಯ ಕಲಿಸುವಂಥದ್ದು: ಯಾವ ಒಂದು ವಿಧಾನವೂ ಖಚಿತ ಜೋಡಿಗಳಲ್ಲಿ ಹೆಚ್ಚೆಂದರೆ ಮೂರನೇ ಒಂದರ ಆಸುಪಾಸಿಗಿಂತ ಹೆಚ್ಚನ್ನು ಹಿಡಿಯಲಿಲ್ಲ. ಅಂದರೆ ಮೊದಲ ನಕ್ಷೆಗಳು ಹೊಂದದಿರಲು ಸುಳ್ಳಷ್ಟೇ ಕಾರಣವಲ್ಲ. ಬಿಟ್ಟುಹೋದದ್ದೂ ದೊಡ್ಡ ಕಾರಣ. ಈ ಅಳತೆಯ ಆಧಾರದ ಮೇಲೆ ಮನುಷ್ಯನಲ್ಲಿ ನೇರ ಜೋಡಿ ಒಡನಾಟಗಳು ಸುಮಾರು 1.3 ಲಕ್ಷ ಇರಬಹುದೆಂದು ಅದೇ ವರ್ಷ ಅಂದಾಜಿಸಲಾಯಿತು. ಬಾಸ್ಟನ್ನಿನಲ್ಲಿ ಮಾರ್ಕ್ ವಿಡಾಲ್ ಅವರ ಗುಂಪು 2005ರಲ್ಲಿ ಸುಮಾರು 2,800ರಿಂದ ಆರಂಭಿಸಿದ ಮಾನವ ನಕ್ಷೆ, ಹಲವು ದೇಶಗಳ ಸಹಯೋಗದೊಂದಿಗೆ, 2020ರ ವೇಳೆಗೆ ಸುಮಾರು 53 ಸಾವಿರಕ್ಕೆ ಬೆಳೆಯಿತು. ಎರಡನೆಯ ವಿಧಾನದಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ತಂಡ 2021ರಲ್ಲಿ ಒಂದೇ ಬಗೆಯ ಕೋಶದಿಂದ 1.18 ಲಕ್ಷ ಒಡನಾಟಗಳನ್ನು ಪ್ರಕಟಿಸಿತು.

ಇಷ್ಟು ದುಡ್ಡು, ಶ್ರಮ ಏಕೆ? ಬೇಕಾದ ಪ್ರೊಟೀನನ್ನು ಬೇಕಾದವರು ಆರಿಸಿ ಅಧ್ಯಯನ ಮಾಡಿದರೆ ಸಾಲದೇ? ಸಾಲದು. ಗ್ರಾಮಾಂತರದ ಬಡತನ ಅರಿಯಲು ಹೊರಟ ಅಧಿಕಾರಿಗಳು ಡಾಂಬರು ರಸ್ತೆಯ ಪಕ್ಕದ ಹಳ್ಳಿಗಳನ್ನೇ ನೋಡಿ ಬರುತ್ತಾರೆ ಎಂದು ರಾಬರ್ಟ್ ಚೇಂಬರ್ಸ್ 1980ರ ದಶಕದಲ್ಲಿ ಎಚ್ಚರಿಸಿದ್ದರು. ನಾವೂ ಹಾಗೇ ಮಾಡಿದ್ದೇವೆ. ಜೀಪು ಹೋಗುವವರೆಗೆ ಹೋಗಿ, ಅಲ್ಲಿಂದಲೇ ವರದಿ ಬರೆದಿದ್ದೇವೆ. ವಿಜ್ಞಾನದಲ್ಲೂ ಡಾಂಬರು ರಸ್ತೆಗಳಿವೆ. ಈಗಾಗಲೇ ಪ್ರಸಿದ್ಧವಾದ ಪ್ರೊಟೀನಿನ ಮೇಲೆಯೇ ಹೊಸ ಪ್ರಬಂಧಗಳೂ ಬರುತ್ತವೆ, ಅದಕ್ಕೇ ಅನುದಾನವೂ ಸಿಗುತ್ತದೆ. 2014ರಲ್ಲಿ ವಿಡಾಲ್ ತಂಡ ತನ್ನ ಸುಮಾರು 14 ಸಾವಿರ ಒಡನಾಟಗಳ ನಕ್ಷೆಯನ್ನು ಪ್ರಬಂಧಗಳಿಂದ ಆಯ್ದ ನಕ್ಷೆಯೊಡನೆ ಹೋಲಿಸಿತು. ಪ್ರಬಂಧಗಳ ನಕ್ಷೆ ಹೆಸರುವಾಸಿ ಪ್ರೊಟೀನುಗಳ ಸುತ್ತ ಕಿಕ್ಕಿರಿದಿತ್ತು, ಉಳಿದೆಡೆ ಬರಿದಾಗಿತ್ತು. ಕ್ರಮಬದ್ಧ ಸಮೀಕ್ಷೆಯ ನಕ್ಷೆ ಎಲ್ಲೆಡೆಗೂ ಹರಡಿತ್ತು. ಎಲ್ಲರನ್ನೂ ಎಲ್ಲರೊಡನೆ ಪರೀಕ್ಷಿಸುವ ಸಮೀಕ್ಷೆ ಮಾತ್ರ ರಸ್ತೆಯಿಲ್ಲದ ಊರನ್ನು ತಲುಪುತ್ತದೆ.

ಇನ್ನು ಬೆಂಗಳೂರಿನ ಮಾತು. ವೈಟ್‌ಫೀಲ್ಡಿನಲ್ಲಿ 2002ರಲ್ಲಿ ಅಖಿಲೇಶ್ ಪಾಂಡೆಯವರು ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೊತೆಗೂಡಿ, ಮಾನವ ಪ್ರೊಟೀನುಗಳ ಆಕರ ಕೋಶವೊಂದನ್ನು 2003ರಲ್ಲಿ ಜಗತ್ತಿನ ಮುಂದಿಟ್ಟಿತು. ತರಬೇತಿ ಪಡೆದ ಜೀವವಿಜ್ಞಾನ ಪದವೀಧರರು ಪ್ರಕಟಿತ ಪ್ರಬಂಧಗಳನ್ನು ಒಂದೊಂದಾಗಿ ಓದಿ, ಯಾವ ಪ್ರೊಟೀನಿಗೆ ಯಾವುದರೊಡನೆ ಒಡನಾಟ, ಯಾವ ಪ್ರಯೋಗದಿಂದ ಅದು ತಿಳಿದದ್ದು ಎಂದು ದಾಖಲಿಸಿದ ಕೆಲಸವದು. 2010ರ ಒಂಬತ್ತನೇ ಆವೃತ್ತಿಯ ಹೊತ್ತಿಗೆ ಅದರಲ್ಲಿ 41 ಸಾವಿರಕ್ಕೂ ಹೆಚ್ಚು ಒಡನಾಟಗಳಿದ್ದವು. ಜಗತ್ತಿನ ನಾನಾ ಪ್ರಯೋಗಾಲಯಗಳು ತಮ್ಮ ಫಲಿತಾಂಶವನ್ನು ತಾಳೆ ನೋಡಲು ಬೆಂಗಳೂರಿನ ಈ ದಾಖಲೆಯನ್ನು ಬಳಸಿದವು. ಇದೇ ಸಂಸ್ಥೆ 2014ರಲ್ಲಿ ಮಾನವನ 30 ಬಗೆಯ ಅಂಗಾಂಶ ಮತ್ತು ಕೋಶಗಳನ್ನು ಪರೀಕ್ಷಿಸಿ, 17,294 ವಂಶವಾಹಿಗಳ ಪ್ರೊಟೀನುಗಳನ್ನು ಗುರುತಿಸಿದ ಕರಡು ನಕ್ಷೆಯ ಪ್ರಮುಖ ಪಾಲುದಾರನಾಯಿತು. ಅದರ ಜೊತೆಯಲ್ಲೇ ಜರ್ಮನಿಯ ತಂಡದ ಇನ್ನೊಂದು ಕರಡೂ ಪ್ರಕಟವಾಯಿತು. ಕೆಲವೇ ತಿಂಗಳಲ್ಲಿ ಸ್ಪೇನಿನ ಸಂಶೋಧಕರು ಎರಡರ ದತ್ತಾಂಶವನ್ನೂ ಮರುಪರಿಶೀಲಿಸಿ, ಮೂಗಿನ ವಾಸನೆಗ್ರಾಹಿ ಪ್ರೊಟೀನುಗಳು ಮೂಗಿನ ಅಂಗಾಂಶವನ್ನೇ ಪರೀಕ್ಷಿಸದ ಪಟ್ಟಿಗಳಲ್ಲಿ ಹೇಗೆ ಬಂದವು ಎಂದು ಪ್ರಶ್ನಿಸಿದರು. ಸಂಖ್ಯೆ ಹಿಗ್ಗಿದೆ ಎಂದರು. ಮತದಾರರ ಪಟ್ಟಿಯಲ್ಲಿ ಊರಲ್ಲಿಲ್ಲದವರ ಹೆಸರು ಕಂಡಂತೆ. ಇದನ್ನು ನಾನು ಅವಮಾನವೆಂದು ಭಾವಿಸುವುದಿಲ್ಲ. ಕಚ್ಚಾ ದತ್ತಾಂಶ ಎಲ್ಲರಿಗೂ ತೆರೆದಿದ್ದುದರಿಂದಲೇ ತಪ್ಪು ಹಿಡಿಯುವುದು ಸಾಧ್ಯವಾಯಿತು. ಬೀರುವಿನಲ್ಲಿ ಬೀಗ ಹಾಕಿದ ಪಟ್ಟಿಯಲ್ಲಿ ಯಾರೂ ತಪ್ಪು ಕಂಡುಹಿಡಿಯಲಾರರು.

ಚಿಂತೆಯ ವಿಷಯ ಬೇರೆಯೇ ಇದೆ. ಆ ಒಡನಾಟಗಳ ಆಕರ ಕೋಶ 2010ರ ಆವೃತ್ತಿಯ ನಂತರ ಪರಿಷ್ಕರಣೆಗೊಳ್ಳಲಿಲ್ಲ. ಇದು ಒಂದು ಸಂಸ್ಥೆಯ ದೋಷವೆಂದು ಬೆರಳು ತೋರಿಸುವುದು ನನ್ನ ಉದ್ದೇಶವಲ್ಲ. ಇಂಥ ಕೆಲಸಗಳು ಜಗತ್ತಿನೆಲ್ಲೆಡೆ ಇದೇ ಹಾದಿ ಹಿಡಿದಿವೆ. ಕೆನಡಾದ ಬೈಂಡ್ ಎಂಬ ದೊಡ್ಡ ಆಕರ ಕೋಶ 2005ರಲ್ಲಿ ಅನುದಾನವಿಲ್ಲದೆ ಸೊರಗಿತು. ಹೊಸದನ್ನು ಕಟ್ಟಲು ಹಣ ಸಿಗುತ್ತದೆ. ಕಟ್ಟಿದ್ದನ್ನು ನಿರ್ವಹಿಸಲು ಸಿಗುವುದಿಲ್ಲ. ಈ ಕಾಯಿಲೆಯನ್ನು ನಾನು ಮೂವತ್ತು ವರ್ಷ ಹತ್ತಿರದಿಂದ ಕಂಡಿದ್ದೇನೆ. ಕೆರೆ ಕಟ್ಟುವುದಕ್ಕೆ ಶಂಕುಸ್ಥಾಪನೆ, ಉದ್ಘಾಟನೆಗಳಿವೆ. ಹೂಳೆತ್ತುವುದಕ್ಕೆ ಬಜೆಟ್ಟಿನಲ್ಲಿ ಶೀರ್ಷಿಕೆಯೂ ಕಷ್ಟ. ದತ್ತಾಂಶಕ್ಕೂ ಹೂಳು ತುಂಬುತ್ತದೆ. ನವೀಕರಿಸದ ದಾಖಲೆ ಸುಮ್ಮನೆ ಹಳತಾಗುವುದಷ್ಟೇ ಅಲ್ಲ, ನಂಬಿದವರನ್ನು ತಪ್ಪು ದಾರಿಗೂ ಎಳೆಯುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದ ದೇಶಕ್ಕೆ ಪ್ರೊಟೀನುಗಳ ನೆಂಟಸ್ತನದ ಪಟ್ಟಿ ಬೇಕೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವೈದ್ಯರ ಹುದ್ದೆ ತುಂಬುವುದನ್ನು ತಡೆದು ಇದಕ್ಕೆ ಹಣ ಕೊಡಿ ಎಂದು ನಾನು ಹೇಳಲಾರೆ. ಆದರೆ ಕ್ಷಯದ ಉದಾಹರಣೆ ನೋಡಿ. ವಿಶ್ವದ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಕ್ಷಯದ ಬ್ಯಾಕ್ಟೀರಿಯಾದ ಪ್ರೊಟೀನುಗಳು ಮನುಷ್ಯನ ಯಾವ ಪ್ರೊಟೀನುಗಳಿಗೆ ಗಂಟು ಬೀಳುತ್ತವೆ ಎಂದು ಹುಡುಕಿ 187 ಒಡನಾಟಗಳನ್ನು 2018ರಲ್ಲಿ ಪ್ರಕಟಿಸಿದ್ದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳ ನೇತೃತ್ವದ ತಂಡ. ಅವರಿಗೆ ಕೃತಜ್ಞರಾಗಿರೋಣ. ಆದರೆ ನಮ್ಮ ಮನೆಯ ರೋಗದ ನಕ್ಷೆಗಾಗಿ ಎಷ್ಟು ಕಾಲ ಬೇರೆಯವರ ಮನೆಯ ದೀಪವನ್ನು ಕಾಯಬೇಕು? ಅರ್ಥಶಾಸ್ತ್ರದ ಭಾಷೆಯಲ್ಲಿ ಇಂಥ ನಕ್ಷೆ ಸಾರ್ವಜನಿಕ ಸರಕು. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದು. ಲಾಭದ ಲೆಕ್ಕ ಹಾಕುವ ಕಂಪನಿ ಅದನ್ನು ಎಲ್ಲರಿಗೂ ತೆರೆದಿಡುವ ಸಂಭವ ಕಡಿಮೆ. ಹಾಗಾಗಿ ಅದು ಸರ್ಕಾರದ ಕೆಲಸ.

ನಕ್ಷೆಯಿಂದ ಪವಾಡ ನಿರೀಕ್ಷಿಸುವುದೂ ತಪ್ಪು. 2020ರಲ್ಲಿ ಕೋವಿಡ್ ಹರಡಿದಾಗ ಸ್ಯಾನ್‌ಫ್ರಾನ್ಸಿಸ್ಕೊದ ತಂಡವೊಂದು ಕೆಲವೇ ವಾರಗಳಲ್ಲಿ ವೈರಾಣುವಿನ 26 ಪ್ರೊಟೀನುಗಳು ಮಾನವ ಪ್ರೊಟೀನುಗಳೊಡನೆ ಮಾಡುವ 332 ಒಡನಾಟಗಳನ್ನು ಹುಡುಕಿ, ಅವುಗಳ ಮೇಲೆ ಕೆಲಸ ಮಾಡಬಲ್ಲ 69 ಔಷಧ ಮತ್ತು ಸಂಯುಕ್ತಗಳನ್ನು ಪಟ್ಟಿ ಮಾಡಿತು. ವೇಗ ಬೆರಗು ಹುಟ್ಟಿಸುವಂಥದ್ದು. ಆದರೆ ಪ್ರಯೋಗಾಲಯದಲ್ಲಿ ಆಸೆ ಹುಟ್ಟಿಸಿದ ಅನೇಕ ಔಷಧಗಳ ಪರಿಣಾಮ, ಕೋಶದೊಳಗೆ ಕೊಬ್ಬಿನಂಶ ಶೇಖರವಾಗುವ ಅಡ್ಡ ಪರಿಣಾಮವೇ ಹೊರತು ವೈರಾಣುವಿನ ಮೇಲಿನ ನೇರ ಹೊಡೆತವಲ್ಲ ಎಂದು 2021ರಲ್ಲಿ ತಿಳಿಯಿತು. ಅದನ್ನು ಕಂಡುಹಿಡಿದವರಲ್ಲಿ ನಕ್ಷೆ ಬರೆದ ತಂಡದ ಸದಸ್ಯರೂ ಇದ್ದರು ಎಂಬುದು ಗಮನಾರ್ಹ. ನಕ್ಷೆ ದಾರಿ ತೋರಿಸುತ್ತದೆ. ನಡೆಯುವ ಶ್ರಮವನ್ನು ತಪ್ಪಿಸುವುದಿಲ್ಲ.

ಈಗ ಇನ್ನೊಂದು ವಾದ ಕೇಳಿಬರುತ್ತಿದೆ. ಕೃತಕ ಬುದ್ಧಿಮತ್ತೆ ಪ್ರೊಟೀನುಗಳ ಆಕಾರವನ್ನೂ ಜೋಡಣೆಯನ್ನೂ ಊಹಿಸುತ್ತಿರುವಾಗ, ಆಲ್ಫಾಫೋಲ್ಡ್ ನಿರ್ಮಾತೃಗಳಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಬಂದಿರುವಾಗ, ಈ ಸಮೀಕ್ಷೆಗಳ ಗೊಡವೆ ಏಕೆ ಎಂದು. ಇದು ಫಸಲು ಕಂಡು ಬಿತ್ತನೆ ಬೀಜವನ್ನು ಮರೆತ ಮಾತು. ಆ ಯಂತ್ರ ಪಾಠ ಕಲಿತದ್ದು 1971ರಲ್ಲಿ ಏಳೇ ಏಳು ರಚನೆಗಳಿಂದ ಆರಂಭವಾದ ಪ್ರೊಟೀನ್ ಡೇಟಾ ಬ್ಯಾಂಕಿನಿಂದ. ಅರ್ಧ ಶತಮಾನ ಕಾಲ ಜಗತ್ತಿನ ವಿಜ್ಞಾನಿಗಳು ತಮ್ಮ ಫಲಿತಾಂಶಗಳನ್ನು ಅಲ್ಲಿ ಉಚಿತವಾಗಿ ಠೇವಣಿ ಇಟ್ಟರು. ಅದನ್ನು ನಿರ್ವಹಿಸುವವರು ಪ್ರತಿ ದಾಖಲೆಯನ್ನೂ ಪರಿಶೀಲಿಸಿ ಇಟ್ಟರು. ಒಡನಾಟಗಳ ವಿಷಯದಲ್ಲೂ ಯಂತ್ರದ ಊಹೆ ಸರಿಯೇ ಎಂದು ಹೇಳಬೇಕಾದದ್ದು ಪ್ರಯೋಗವೇ. ಮೇಷ್ಟ್ರ ಪಟ್ಟಿಗೆ ಮೇಲ್ವಿಚಾರಕರ ಪಟ್ಟಿ ಬೇಕಾದಂತೆ ಊಹೆಗೆ ಸ್ವತಂತ್ರವಾದ ಎರಡನೆಯ ಸಾಕ್ಷಿ ಬೇಕು.

ಹಾಗಾದರೆ ಏನು ಮಾಡಬೇಕು? ನಮ್ಮಲ್ಲಿ ಅಡಿಪಾಯ ಇಲ್ಲದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಸಂಯೋಜಿಸಿದ ಜೀನೋಮ್ ಇಂಡಿಯಾ ಯೋಜನೆಯ 10 ಸಾವಿರ ಭಾರತೀಯರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಯಿತು. ಅದನ್ನು ಇರಿಸಲು ಫರೀದಾಬಾದಿನಲ್ಲಿ 2022ರಿಂದ ಭಾರತೀಯ ಜೈವಿಕ ದತ್ತಾಂಶ ಕೇಂದ್ರವಿದೆ. ಆದರೆ ಇದೂ ಒಂದು ಪಟ್ಟಿಯೇ. ನಮ್ಮ ಜನರಲ್ಲಿ ಕಾಣುವ ವಂಶವಾಹಿ ಬದಲಾವಣೆಗಳು ಯಾವ ಒಡನಾಟವನ್ನು ಕೆಡಿಸುತ್ತವೆ ಎಂದು ಪರೀಕ್ಷಿಸುವುದು ಅದರ ಸಹಜ ಮುಂದಿನ ಹೆಜ್ಜೆಯಾಗಬೇಕು. ಯೀಸ್ಟಿನ ವಿಧಾನ ಅತಿ ದುಬಾರಿಯದಲ್ಲ. ತಾಳ್ಮೆ ಮತ್ತು ತರಬೇತಿ ಪಡೆದ ಕೈಗಳು ಬೇಕು. ಎರಡೂ ನಮ್ಮಲ್ಲಿವೆ. ಎರಡನೆಯದಾಗಿ, ಸಾರ್ವಜನಿಕ ಹಣದಿಂದ ಕಟ್ಟುವ ಪ್ರತಿ ದತ್ತಾಂಶ ಕೋಶಕ್ಕೂ ಮಂಜೂರಾತಿಯ ದಿನವೇ ಹತ್ತು ವರ್ಷಗಳ ನಿರ್ವಹಣಾ ವೆಚ್ಚವನ್ನು ತೆಗೆದಿರಿಸಬೇಕು. ಮೂರನೆಯದಾಗಿ, ಫಲಿತಾಂಶದ ಜೊತೆಗೆ ಅದರ ದೋಷ ಪ್ರಮಾಣವನ್ನೂ ಕಚ್ಚಾ ದತ್ತಾಂಶವನ್ನೂ ಪ್ರಕಟಿಸದವರಿಗೆ ಮುಂದಿನ ಕಂತು ಕೊಡಬಾರದು. ಕೊನೆಯದಾಗಿ, ಪ್ರಬಂಧಗಳನ್ನು ಓದಿ ದಾಖಲಿಸುವ, ತಪ್ಪು ತಿದ್ದುವ ತರುಣ ತರುಣಿಯರಿಗೆ ಗೌರವದ ಕಾಯಂ ಹುದ್ದೆಗಳು ಬೇಕು. ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ಇಪ್ಪತ್ತು ವರ್ಷ ಬಾಳುವ ದಾಖಲೆಯನ್ನು ಯಾರೂ ಕಟ್ಟಲಾರರು.

ನಮ್ಮ ಹಿರಿಯರು ಆ ಮಾತ್ರೆಯ ನೆರವಿನಿಂದ ಚೇತರಿಸಿಕೊಂಡು ಈಗ ಬೆಳಗಿನ ವಾಯುವಿಹಾರಕ್ಕೆ ಬರುತ್ತಾರೆ. ಕಾಯಿಲೆ ಪೂರ್ತಿ ಹೋಗಿಲ್ಲ, ಹತೋಟಿಯಲ್ಲಿದೆ. ನಾನು ಓದಿದ್ದನ್ನೆಲ್ಲ ಒಂದು ದಿನ ಅವರಿಗೆ ವಿವರಿಸಿ, ನೀವು ಕೇಳಿದ ಪಹಣಿ ಬರೆಯಲಾಗುತ್ತಿದೆ, ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿಯಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಒಂದೇ ಮಾತು: 'ಬರೆಯುವುದು ಸರಿಯಯ್ಯಾ, ವರ್ಷಾ ವರ್ಷ ತಿದ್ದುವವರು ಯಾರು?' ವಿಜ್ಞಾನ ನೀತಿಯನ್ನು ರೂಪಿಸುವವರು ಉತ್ತರಿಸಬೇಕಾದ ಪ್ರಶ್ನೆ ಇದೇ ಎಂದು ನನಗೆ ಅನ್ನಿಸುತ್ತದೆ.